ಶುಕ್ರವಾರದ ಸಾಕ್ಷಿ

ಗಾಜಿಪುರ, ಕಲಬುರಗಿ
ಶನಿವಾರ, ೨೦ ಸೆಪ್ಟೆಂಬರ್ ೨೦೨೫

ಪ್ರಿಯ ಲತೀಫಾ,

ನಾನು ಶಾರದಾಬಾಯಿ. ಹೆಡ್‌ಮಾಸ್ತರರಾಗಿದ್ದ ದಿವಂಗತ ದೇವೀಂದ್ರಪ್ಪನವರ ಹೆಂಡತಿ, ನಮ್ಮ ಚರ್ಚಿನ ಸಭೆಯ ಸ್ತ್ರೀ ಸಂಘದ ಅಧ್ಯಕ್ಷೆ, ಸಭೆ ನಡೆಸುವ ಶಾಲೆಯ ಕಮಿಟಿಯಲ್ಲಿ ಇರುವ ಒಬ್ಬಳೇ ಹೆಂಗಸು. ಒಂದೇ ಬೆಂಚಿನಲ್ಲಿ ನನ್ನ ಜೊತೆ ಕೂತು ಮ್ಯಾಟ್ರಿಕ್ ಮುಗಿಸಿದ ನಿನಗೆ ಇದನ್ನೆಲ್ಲ ಬರೆಯಬೇಕಾಗಿಲ್ಲ. ಆದರೆ ಈ ವರ್ಷ ಒಬ್ಬ ಹುಡುಗನಿಗೆ ನಾನು ಯಾರೆಂದು ಹೇಳಬೇಕಾಗಿ ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಅಲ್ಲಿಂದಲೇ ಶುರು ಮಾಡಿದೆ.

ನಿನಗೂ ಮನೆಯವರಿಗೂ ನನ್ನ ವಂದನೆ. ನೀನು ಕಮಲಾಪುರದಿಂದ ಕಳಿಸಿದ ಕೆಂಪು ಬಾಳೆಹಣ್ಣು ಮುಟ್ಟಿ, ತಿಂದು ಮುಗಿದು, ಎಷ್ಟೋ ದಿನವಾಯಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನು ಮಾಡಬಹುದಿತ್ತು. ಆದರೆ ನಿನಗೆ ಕಿವಿ ಕೇಳಿಸುವುದಿಲ್ಲ, ನಾನು ಕೂಗಿದರೆ ಓಣಿಗೆಲ್ಲ ಕೇಳಿಸುತ್ತದೆ. ಇದು ಓಣಿಗೆ ಹೋಗುವ ಮಾತಲ್ಲ.

ಶಾಲೆಯಲ್ಲಿ ನನ್ನ ಕೆಲಸವೇನೆಂದು ನಿನಗೆ ಗೊತ್ತು. ನಿನ್ನ ಮೊಮ್ಮಗಳು ಆಸ್ಫಿಯಾ ಮೋಮಿನಪುರದಿಂದ ಬೇಗ ಹೊರಡುವ ದಿನ ಯಾಕೆ ಬೇಗ ಹೊರಡುತ್ತಾಳೆ ಎಂದು ನಿನ್ನ ಮಗ ತನ್ವೀರ್ ಹೇಳಿರಬೇಕು. ಪ್ರೈಮರಿಯ ಪ್ರತಿ ತರಗತಿಯಲ್ಲಿ ಸರದಿಯ ಮಗು ಗಂಟೆಗೆ ಮೊದಲೇ ಬಂದು ಕಸ ಗುಡಿಸಬೇಕು, ನೀರು ತುಂಬಬೇಕು, ಬೋರ್ಡು ಒರೆಸಬೇಕು. ಉಳಿದವರು ಬರುವಾಗ ಆ ಮಗು ತನ್ನ ಜಾಗದಲ್ಲಿ ಸುಮ್ಮನೆ ಕೂತಿರಬೇಕು. ಯಾರ ಸರದಿ ಎಂದು ಯಾರೂ ಕೇಳಬಾರದು, ಮಾಡಿದವರು ಹೇಳಬಾರದು. ನಾನು ಮೂಲೆಗಳನ್ನು ನೋಡಿ ‘ಆಯ್ತು’ ಅನ್ನುತ್ತೇನೆ. ಮತ್ತೇನೂ ಅನ್ನುವುದಿಲ್ಲ. ಆಮೇಲೆ ಪ್ರಾರ್ಥನೆ. ಯಾರೂ ನೋಡದಿರುವಾಗ ಬೆಂಚಿನ ಕೆಳಗೆ ಗುಡಿಸಿದ ಮಗುವಿಗೆ ದೇವರು ನೋಡುತ್ತಾನೆ ಎಂದು ಬೇರೆ ಪಾಠ ಹೇಳಬೇಕಾಗಿಲ್ಲ. ಇದನ್ನು ನನಗೆ ಕಲಿಸಿದವರು ನಮ್ಮ ಯಜಮಾನರು.

ಜೂನ್‌ನಲ್ಲಿ ಪ್ರಭುದಾಸ ಎಂಬ ಹೊಸ ಮುಖ್ಯೋಪಾಧ್ಯಾಯ ಬಂದ. ಹೈದರಾಬಾದಿನಲ್ಲಿ ಏನೋ ತರಬೇತಿ ಮುಗಿಸಿದ್ದಾನಂತೆ. ಬೂಟು ಮುಖಕ್ಕಿಂತ ಹೆಚ್ಚು ಹೊಳೆಯುತ್ತದೆ. ಮೊದಲ ದಿನ ಮೂರನೇ ತರಗತಿಯ ಬಾಗಿಲಲ್ಲಿ ನನ್ನನ್ನು ನೋಡಿ, “ಯಾರ್ ಬೇಕಾಗಿತ್ತಮ್ಮಾ, ಪಾಲಕರೇನು?” ಅಂದ. ನಾನು ಯಾರೆಂದು ಹೇಳಿದೆ. “ಹೌದಾ, ನಿಮ್ಮ ಬಗ್ಗೆ ಭಾಳ ಕೇಳೀನಿ,” ಎಂದು ನಕ್ಕ. ಏನು ಕೇಳಿದ್ದನೋ.

‘ಜವಾಬ್ದಾರಿ ಮತ್ತು ವಿಶ್ವಾಸ’ ಎಂದು ಒಂದು ಕಾರ್ಯಕ್ರಮ ತಂದ. ಮಕ್ಕಳು ಕೆಲಸ ಮಾಡಿದರೆ ಸಾಲದು, ದೇವರು ತಮ್ಮ ಜೀವನದಲ್ಲಿ ಏನು ಮಾಡಿದ ಎಂದು ಎಲ್ಲರ ಮುಂದೆ ಹೇಳಬೇಕು. ನಮ್ಮ ಸಭೆಯಲ್ಲಿ ದೊಡ್ಡವರು ಎದ್ದು ನಿಂತು, ಜ್ವರ ಬಿಟ್ಟಿತು, ನೌಕರಿ ಸಿಕ್ಕಿತು ಎಂದು ಹೇಳುತ್ತಾರಲ್ಲ, ಸಾಕ್ಷಿ ಅನ್ನುತ್ತೇವೆ. ಅದನ್ನು ಇವನು ಒಂದನೇ ತರಗತಿಯ ಮಕ್ಕಳ ತಲೆಯ ಮೇಲೆ ಹೇರಿದ. ಪ್ರತಿ ಶುಕ್ರವಾರ ಸಾಕ್ಷಿ. ಯಾರ ಸಾಕ್ಷಿ ಎಲ್ಲರ ಮನಸ್ಸು ಮುಟ್ಟುತ್ತದೋ ಅವರ ಹೆಗಲಿಗೆ ಒಂದು ನೀಲಿ ಪಟ್ಟಿ, ಅದರ ಮೇಲೆ ಜರಿ ಅಕ್ಷರದಲ್ಲಿ ‘ವಿಶ್ವಾಸ ವೀರ’. ಮದುವೆ ಬ್ಯಾಂಡಿನವರು ಹಾಕಿಕೊಳ್ಳುವಂಥದ್ದು.

ಏಳು ಎಂಟು ವರ್ಷದ ಮಗುವಿನ ಬದುಕಿನಲ್ಲಿ ಏನಿರುತ್ತದೆ ಹೇಳು. ಪೆನ್ಸಿಲು ಕಳೆಯಿತು, ಸಿಕ್ಕಿತು. ಮೊದಲ ವಾರ ಪೆನ್ಸಿಲುಗಳೇ ಬಂದವು. ಚಪ್ಪಾಳೆ ಕಡಿಮೆ ಬಿತ್ತು. ಎರಡನೇ ವಾರ ಹಳ್ಳಕ್ಕೆ ಬೀಳಲಿದ್ದ ಬಸ್ಸು ಪ್ರಾರ್ಥನೆಗೆ ನಿಂತಿತು. ಅದರ ಮುಂದಿನ ವಾರ ಒಬ್ಬಳ ಮನೆಯ ಸತ್ತ ಕೋಳಿ ಎದ್ದು ಕಾಳು ತಿಂದಿತು. ಮಕ್ಕಳು ದಡ್ಡರಲ್ಲ, ಅಂಗಡಿಯಲ್ಲಿ ಯಾವ ಸರಕು ಓಡುತ್ತದೆ ಎಂದು ಬೇಗ ತಿಳಿದುಕೊಳ್ಳುತ್ತಾರೆ. ಅತ್ತ ತರಗತಿಯ ಮೂಲೆಯಲ್ಲಿ ಕಸ ಹಾಗೇ ಬಿದ್ದಿರುತ್ತಿತ್ತು. ಸರದಿಯ ಹುಡುಗನನ್ನು ಕೇಳಿದರೆ, “ಸಾಕ್ಷಿ ಬಾಯಿಪಾಠ ಮಾಡಾಕತ್ತಿದ್ದೆ ಬಾಯಾರೆ,” ಅಂದ.

ನಿನ್ನ ಆಸ್ಫಿಯಾಳ ಮಾತು ಹೇಳಬೇಕು. ಅವಳ ಹೆಸರು ಕೂಗಿದಾಗ ಎದ್ದು ನಿಂತು, “ನಾ ಬೋರ್ಡ್ ಒರಿಸ್ತೀನ್ರಿ. ದಿನಾ ಒರಿಸಿದ್ರ ಬಿಳಿ ಉಳಿಯಲ್ಲ. ಅಷ್ಟೇರಿ,” ಅಂದಳು. ಪ್ರಭುದಾಸ, “ಬೇಟಾ, ಅದು ಸಾಕ್ಷಿ ಆಗಂಗಿಲ್ಲ. ಮತ್ತೇನರ ನೆನಪು ಮಾಡ್ಕೋ,” ಅಂದ. ಅವಳು, “ಮತ್ತೇನೂ ಆಗಿಲ್ರಿ,” ಎಂದು ಕೂತುಬಿಟ್ಟಳು. ನಿನ್ನ ಹಟವೇ ಬಂದಿದೆ. ಇಡೀ ಸಭೆಯಲ್ಲಿ ಅದೊಂದೇ ನಿಜ.

ಆಮೇಲೆ ಹೋದ ವಾರ ಮಲ್ಲು ಎಂಬ ಎರಡನೇ ತರಗತಿಯ ಹುಡುಗ ಎದ್ದು, ತಮ್ಮಪ್ಪ ದಿನಾ ಕುಡಿದು ಬಂದು ಅವ್ವನನ್ನು ಹೊಡೆಯುತ್ತಿದ್ದ, ತಾನು ಪ್ರಾರ್ಥಿಸಿದ ಮೇಲೆ ಬಿಟ್ಟ ಎಂದು ಹೇಳಿದ. ಟೀಚರುಗಳು ಕಣ್ಣು ಒರೆಸಿಕೊಂಡರು. ಪಟ್ಟಿ ಅವನಿಗೆ. ಹುಡುಗ ಅದನ್ನು ಹಾಕಿಕೊಂಡೇ ಮನೆಗೆ ಹೋದ.

ಸೋಮವಾರ ಅವನಪ್ಪ ಮಹಾದೇವಪ್ಪ ಬಂದ. ಕಾಳುಕಡಿ ದಲಾಲಿಯ ಅಡತಿ ಅಂಗಡಿಯವನು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ಚಹಾ ಕೊಟ್ಟರೂ ಕುಡಿಯದ ಮನುಷ್ಯ. ಆಫೀಸಿನಲ್ಲಿ ನಾನೂ ಇದ್ದೆ.

“ಸಾಹೇಬ್ರ, ನಾ ಯಾವಾಗ ಕುಡ್ದೀನ್ರಿ?” ಎಂದು ಕೇಳಿದ.

ಪ್ರಭುದಾಸ, “ಇರ್ಲಿ ಬಿಡ್ರಿ, ಈಗ ಬಿಟ್ಟೀರಲ್ಲ,” ಅಂದ.

“ಹಿಡಿದಿದ್ರ ಬಿಡಬೇಕ್ರಿ. ನಮ್ಮ ಮಠದ ಅಯ್ಯನವರು ನಿನ್ನೆ ಅಂಗಡಿಗೇ ಬಂದು ನನ್ನ ಹೆಗಲ ಮ್ಯಾಲ ಕೈಯಿಟ್ಟು, ಛಲೋ ಆಯ್ತು ಮಹಾದೇವಪ್ಪ, ಇನ್ನ ಮುಟ್ಟಬ್ಯಾಡ ಅಂದ್ರು. ಹಮಾಲರೆಲ್ಲ ನಿಂತು ಕೇಳಿದ್ರು. ನನ್ನ ಹೇಣತಿ ಯಾವಾಗ ಹೊಡ್ತ ತಿಂದಾಳ ಅಕಿನ್ನೇ ಕೇಳ್ರಿ. ಅಕಿನೇ ನನ್ನ ಬೈತಾಳ. ನಿಮ್ಮ ಶಾಲ್ಯಾಗ ನನ್ನ ಕುಡುಕನೂ ಮಾಡಿದ್ರಿ, ಮ್ಯಾಲ ಶಾಣ್ಯಾನೂ ಮಾಡಿದ್ರಿ. ಫೀಸ್ ಇದಕ್ಕ ಕೊಡ್ತೀನೇನ್ರಿ?”

ನನಗೆ ನಗು ಬಂತು, ನಗಲಿಲ್ಲ. ಮಹಾದೇವಪ್ಪ ನನ್ನ ಕಡೆ ತಿರುಗಿ, “ಬಾಯಾರೆ, ನೀವಿದ್ದೂ ಹಿಂಗಾಯ್ತಲ್ರಿ,” ಅಂದ. ಆ ಮಾತು ನಾಟಿತು.

ಅವತ್ತೇ ಕಮಿಟಿ ಕರೆಸಿದೆ. ಸುಳ್ಳು ಸಾಕ್ಷಿ ಹೇಳಿದ ಪ್ರತಿ ಮಗುವೂ ಬರುವ ಶುಕ್ರವಾರ ಅದೇ ಜಾಗದಲ್ಲಿ ನಿಂತು, ‘ನಾನು ಹೇಳಿದ್ದು ಸುಳ್ಳು’ ಎಂದು ಹೇಳಬೇಕು ಅಂದೆ. ಪ್ರಭುದಾಸ, “ಅಮ್ಮಾ, ಮಕ್ಕಳ ಮನಸಿಗೆ ಪೆಟ್ಟು ಬೀಳ್ತದ. ಈಗಿನ ಶಿಕ್ಷಣ ಪದ್ಧತಿಯೊಳಗ ಹಂಗ ಮಾಡಂಗಿಲ್ರಿ,” ಅಂದ.

“ದೇವರ ಹೆಸರಿನ್ಯಾಗ ಸುಳ್ಳ ಹೇಳಿ ಚಪ್ಪಾಳಿ ಹೊಡಿಸ್ಕೊಂಡಾಗ ಬೀಳಲಿಲ್ಲೇನು ಪೆಟ್ಟು?” ಎಂದು ಕೇಳಿದೆ.

“ಅವು ಸಣ್ಣ ಕೂಸು.”

“ಅದಕ್ಕೇ ಈಗ ನಿಲ್ಲಸ್ರಿ. ದೊಡ್ಡವರಾದ ಮ್ಯಾಲ ನಿಲ್ಲಂಗಿಲ್ಲ, ನಿಮ್ಮಂಗ ಆಗ್ತಾರ.”

ಕಮಿಟಿಯ ಗಂಡಸರು ಟೇಬಲ್ಲು ನೋಡಿದರು. ಯಾವಾಗಲೂ ಅದನ್ನೇ ನೋಡುತ್ತಾರೆ. ಯಾರ ಮನೆಯ ಮಗುವಾದರೂ ಬಿಡುಗಡೆ ಇಲ್ಲ ಎಂದು ನಾನೇ ಹೇಳಿ, ಎಲ್ಲರ ಕೈ ಎತ್ತಿಸಿದೆ.

ನಿನ್ನೆ ನಿಂತರು. ಕೋಳಿಯ ಹುಡುಗಿ, “ನಮ್ಮ ಮನ್ಯಾಗ ಕೋಳಿನೇ ಇಲ್ರಿ,” ಅಂದಳು. ಮಲ್ಲು ತಲೆ ಎತ್ತಿ, “ನಮ್ಮಪ್ಪ ಕುಡ್ಯಂಗಿಲ್ಲ. ಬರೇ ಮಜ್ಜಿಗಿ ಕುಡೀತಾನ,” ಅಂದಾಗ ಹಿಂದೆ ಕೂತಿದ್ದ ಮಹಾದೇವಪ್ಪನೇ ನಕ್ಕುಬಿಟ್ಟ. ಒಂದೆರಡು ಮಕ್ಕಳು ಅತ್ತವು. ಅಳಲಿ. ಅತ್ತ ಮೇಲೆ ಅವೇ ಹಗುರಾಗಿ ಓಡಿ ಹೋದವು. ಕೊನೆಗೆ ಒಬ್ಬಳು ಉಳಿದಿದ್ದಳು, ಅವಳೂ ಹೇಳಿದಳು. ನೀಲಿ ಪಟ್ಟಿಗಳನ್ನು ತರಿಸಿ, ಜರಿ ಬಿಚ್ಚಿಸಿ, ಬೋರ್ಡು ಒರೆಸುವುದಕ್ಕೆ ಕೊಟ್ಟಿದ್ದೇನೆ. ನೀರು ಚೆನ್ನಾಗಿ ಹಿಡಿಯುವುದಿಲ್ಲ ಎಂದು ಆಸ್ಫಿಯಾ ತಕರಾರು ಮಾಡಿದಳು. ಪ್ರಭುದಾಸ ಇನ್ನೂ ಇದ್ದಾನೆ, ಸ್ವಲ್ಪ ಕಡಿಮೆ ಹೊಳೆಯುತ್ತಾನೆ.

ದಸರೆಯ ರಜೆ ಶುರುವಾಯಿತು. ನನ್ನ ಮೊಣಕಾಲು ಮೊದಲಿನಂತೆಯೇ ಇದೆ. ಸೊಸೆ ಶೀಲಾಳಿಗೆ ಆಸ್ಪತ್ರೆಯಲ್ಲಿ ಹಗಲಿನ ಪಾಳಿ ಸಿಕ್ಕಿದೆ. ನೀನು ಕಿವಿಯ ಯಂತ್ರ ಹಾಕಿಸಿಕೋ, ಚೆಂದ ಕಾಣುವುದಿಲ್ಲ ಎಂದು ಸುಮ್ಮನಿರುವ ವಯಸ್ಸು ನಮ್ಮದಲ್ಲ. ದೇವರು ನಿನ್ನನ್ನೂ ನಿನ್ನ ತೋಟವನ್ನೂ ಮಕ್ಕಳು ಮೊಮ್ಮಕ್ಕಳನ್ನೂ ಕಾಯಲಿ. ನಿನ್ನ ಮನೆಯಲ್ಲಿ ಸಮಾಧಾನ ಇರಲಿ.

ನಿನ್ನ
ಶಾರದಾ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯುವುದಕ್ಕೆ ಆಗಲಿಲ್ಲ.

ಕೊನೆಗೆ ಉಳಿದಿದ್ದವಳು ಸೃಷ್ಟಿ. ನನ್ನ ಮೊಮ್ಮಗಳು.

ಆಗಸ್ಟಿನಲ್ಲಿ ಒಂದು ಶುಕ್ರವಾರ ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವತ್ತು ಅವಳೂ ಸಾಕ್ಷಿ ಹೇಳಿದ್ದಾಳೆ, ಪಟ್ಟಿ ಗೆದ್ದಿದ್ದಾಳೆ, ಮನೆಯಲ್ಲಿ ತೋರಿಸದೆ ಪಾಟಿಚೀಲದ ತಳದಲ್ಲಿ ಇಟ್ಟುಕೊಂಡಿದ್ದಾಳೆ. ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೆ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಗುರುವಾರ ಸಂಜೆ ಶೀಲಾ ಹೇಳಿದಳು.

ಸೃಷ್ಟಿ ಸಾಕ್ಷಿಯಲ್ಲಿ ಹೇಳಿದ್ದು ಇಷ್ಟು. “ನಮ್ಮ ಅಜ್ಜಿ ಯಾರ್ನೂ ಮುಟ್ಟಂಗಿಲ್ಲ. ನಾ ದೇವರಿಗೆ ಬೇಡ್ಕೊಂಡೆ. ನಿನ್ನೆ ಅಜ್ಜಿ ನನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಕತಿ ಹೇಳಿದ್ಲು.”

ಲತೀಫಾ, ಸತ್ತ ಕೋಳಿ ಎದ್ದದ್ದಕ್ಕೆ ಬರೀ ಚಪ್ಪಾಳೆ ಬಿದ್ದಿತ್ತು. ಶಾರದಾಬಾಯಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು ಎಂದು ಕೇಳಿ ಇಡೀ ಶಾಲೆ ಅತ್ತಿತಂತೆ. ಎಷ್ಟೋ ವರ್ಷದಿಂದ ನನ್ನನ್ನು ನೋಡಿದ ಟೀಚರುಗಳು. ನನ್ನ ಕೈಯಲ್ಲೇ ಕಲಿತು ಟೀಚರಾದವರು. ಅವರಿಗೆ ಅದು ದೇವರೇ ಮಾಡಬೇಕಾದ ಕೆಲಸವಾಗಿ ಕಂಡಿತು.

ಶೀಲಾ ನನಗೆ ಎದುರು ಮಾತಾಡಿದವಳಲ್ಲ. ಅವತ್ತು ನನ್ನ ಕುರ್ಚಿಯ ಮುಂದೆ ನಿಂತು, “ಅತ್ತಿ, ಇವತ್ತೊಂದ್ಸಲ ಕೂಡಿಸ್ಕೋರಿ. ನಾಳಿ ನಿಂತು ಹೇಳೂದು ತಪ್ಪತದ. ಹೇಳಿದ್ದು ಖರೇ ಆಗ್ತದ,” ಅಂದಳು.

“ಹೇಳಿದ ಮ್ಯಾಲ ಮಾಡಿದ್ರ ಖರೇ ಆಗಂಗಿಲ್ಲ,” ಅಂದೆ.

“ಖರೇದಕ್ಕ ಬ್ಯಾಡ್ರಿ. ಅಕಿಗ ಬೇಕಾಗೇದ, ಅದಕ್ಕ ಕೂಡಿಸ್ಕೋರಿ.”

ಸೃಷ್ಟಿ ಬಾಗಿಲ ಹಿಂದೆ ಇದ್ದಳು, ಅವಳ ಕಾಲು ಕಾಣುತ್ತಿತ್ತು. ಯಾರ ಮನೆಯ ಮಗುವಿಗೂ ಬಿಡುಗಡೆ ಇಲ್ಲ ಎಂದು ನಾನೇ ಕೈ ಎತ್ತಿಸಿದ್ದೆ. ನಾಳೆಯ ಅವಮಾನ ತಪ್ಪಿಸಲು ಇವತ್ತು ಅವಳನ್ನು ಎತ್ತಿಕೊಂಡರೆ ಅದೂ ಒಂದು ನೀಲಿ ಪಟ್ಟಿಯೇ. ನಾನು ಕರೆಯಲಿಲ್ಲ. ಕಾಲು ಹೊರಟುಹೋಯಿತು.

ಶುಕ್ರವಾರ ಅವಳ ಸರದಿ ಬಂದಾಗ ಪ್ರಭುದಾಸ ನನ್ನ ಹತ್ತಿರ ಬಗ್ಗಿ, “ಇದೊಂದು ಬಿಡ್ರಿ ಅಮ್ಮಾ,” ಅಂದ. ಅವನ ದನಿಯಲ್ಲಿ ಕನಿಕರ ಇತ್ತು. ಅದೂ ನನ್ನ ಮೇಲೆ. ನಾನು ಹುಡುಗಿಗೆ ನಿಲ್ಲು ಎಂದು ಸನ್ನೆ ಮಾಡಿದೆ. ಅವಳು ಅಳಲಿಲ್ಲ. “ಅಜ್ಜಿ ನನ್ನ ತೊಡಿ ಮ್ಯಾಲ ಕೂಡಿಸ್ಕೊಂಡಿಲ್ಲ. ಕತಿನೂ ಹೇಳಿಲ್ಲ,” ಅಂದಳು. ಅಷ್ಟು ಹೇಳಿ ಕೂರಬಹುದಿತ್ತು. “ಬೇಡ್ಕೊಂಡಿದ್ದು ಮಾತ್ರ ಖರೇ,” ಅಂದಳು. ಯಾರೂ ನನ್ನ ಕಡೆ ನೋಡಲಿಲ್ಲ, ಎಲ್ಲರೂ ನೆಲ ನೋಡಿದರು.

ನಾನು ಮಾಡಿದ್ದು ಸರಿ. ಇವತ್ತೂ ಅದನ್ನೇ ಮಾಡುತ್ತೇನೆ. ಆದರೆ ನಿನ್ನೆ ಸಂಜೆ ಅವಳನ್ನು ಕರೆದೆ. ಬಂದು ಎದುರಿಗೆ ಕೈಕಟ್ಟಿ ನಿಂತಳು, ಸರದಿಯ ಮಗು ನಿಲ್ಲುವ ಹಾಗೆ. ಹತ್ತಿರ ಬಾ ಎಂದು ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಹೋಗು ಅಂದೆ.

ತನ್ವೀರ್ ಆಸ್ಫಿಯಾಳನ್ನು ರಜೆಗೆ ನಿನ್ನಲ್ಲಿಗೆ ಕರೆದುಕೊಂಡು ಹೊರಟಿದ್ದಾನೆ. ಶೀಲಾಳನ್ನು ಕೇಳಿ, ಸೃಷ್ಟಿಯ ಬಟ್ಟೆ ನಾನೇ ಮಡಿಸಿ ಇಟ್ಟು, ಅವಳನ್ನೂ ಅದೇ ಗಾಡಿಯಲ್ಲಿ ಕೂರಿಸಿ ಬಂದು ಈ ಕೊನೆಯ ಸಾಲು ಬರೆಯುತ್ತಿದ್ದೇನೆ. ರಜೆ ಮುಗಿಯುವ ತನಕ ಅವಳು ಕಮಲಾಪುರದಲ್ಲಿ ನಿನ್ನ ಹತ್ತಿರ ಇರುತ್ತಾಳೆ. ನೀನು ಆಸ್ಫಿಯಾಳನ್ನು ಹೇಗೆ ಕೂರಿಸಿಕೊಳ್ಳುತ್ತೀಯೋ ಹಾಗೆ ಕೂರಿಸಿಕೋ. ನಾನು ಹೇಳಿದೆ ಎಂದು ಅವಳಿಗೆ ಹೇಳಬೇಡ.