ಕೆಂಪು ಟೇಪಿಗೆ ಹೇಳಿದ ಮಾತು

ಮೇಕಪ್ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹೇಗಿದ್ದೀಯಾ? ಕತ್ತುನೋವು ಕಡಿಮೆಯಾಯಿತೇ? ದಿನವಿಡೀ ತಲೆ ಬಗ್ಗಿಸಿಕೊಂಡು ಕನ್ನಡಕದ ಗಾಜು ಉಜ್ಜುತ್ತಾ ಕೂತರೆ ಕತ್ತು ಇನ್ನೇನಾದೀತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟುಕೋ ಎಂದಿದ್ದೆ, ನೀನು ಇಟ್ಟಿರಲಾರೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ, ಇಲ್ಲ ಅಂತಲೇ ನನ್ನ ಮನಸ್ಸು ಹೇಳುತ್ತದೆ. ನಾನು ಆರೋಗ್ಯವಾಗಿದ್ದೇನೆ. ಅಂದರೆ ಮಂಡಿನೋವು ಇದ್ದಷ್ಟೇ ಇದೆ, ಮೂರು ದಿನದಿಂದ ನಿದ್ದೆಯಿಲ್ಲ, ಅದು ಬಿಟ್ಟರೆ ಚೆನ್ನಾಗಿದ್ದೇನೆ. ಈ ಕಾಗದ ನಿನ್ನ ಕನ್ನಡಕದ ಅಂಗಡಿಯ ವಿಳಾಸಕ್ಕೆ ಬಂತಲ್ಲ ಅಂತ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಮನೆಯಲ್ಲಿ ನಿನ್ನ ಫೋನನ್ನು ನಿನ್ನತ್ತೆ ಎತ್ತುತ್ತಾರೆ, ಅಂಗಡಿಯಲ್ಲಿ ಫೋನುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾರೆ, ಇನ್ನು ನಾನು ಯಾವ ದಾರಿಯಲ್ಲಿ ಬರಲಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದು. ಓದಿದ ಮೇಲೆ ಹರಿದು ಹಾಕು. ಚೂರು ಚೂರಾಗಿ ಹರಿ, ಎರಡು ತುಂಡು ಮಾಡಿ ಬುಟ್ಟಿಗೆ ಎಸೆಯಬೇಡ.

ವಿಷಯ ಹೇಳುತ್ತೇನೆ, ಬೈಯಬೇಡ. ಬೈದರೂ ಸರಿಯೇ. ಗುರುವಾರ ಸಂಜೆ ಏಳೂವರೆಗೆ ನಮ್ಮ ಸೀರಿಯಲ್ಲಿನಲ್ಲಿ, ನೀನು ನನಗೊಬ್ಬಳಿಗೇ ಹೇಳಿದ ಮಾತು ಬರುತ್ತದೆ. ನನ್ನ ಬಾಯಿಂದಲೇ ಬರುತ್ತದೆ. ಹೋದ ತಿಂಗಳು ಎರಡು ದಿನಕ್ಕೆಂದು ಬಂದಿದ್ದಾಗ, ಒಗೆದ ಬಟ್ಟೆ ಮಡಿಸುತ್ತಾ, ನನ್ನ ಮುಖ ನೋಡದೆ ಹೇಳಿದೆಯಲ್ಲ. 'ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಮ್ಮಾ, ಆಚೆ ಕೇಳಿಸಬಾರ್ದು ಅಂತ. ಟ್ಯಾಂಕ್ ಖಾಲಿ ಆಗಿಬಿಡುತ್ತೆ. ಒಳಗೇನು ಆನೆ ತೊಳೀತಿದ್ದೀಯಾ ಅಂತಾರೆ ಅತ್ತೆ.' ಆನೆ ಅಂದಾಗ ಇಬ್ಬರಿಗೂ ನಗು ಬಂದುಬಿಟ್ಟಿತ್ತು. ಯಾರಿಗೂ ಹೇಳಬೇಡ ಎಂದು ನೀನು ಹೇಳಿದ್ದೆ. ನಾನು ಯಾರಿಗೂ ಹೇಳಿಲ್ಲ ಮಗಳೇ, ನಿನ್ನಾಣೆ. ಒಂದು ಕೆಂಪು ಟೇಪಿಗೆ ಹೇಳಿದೆ.

ನಮ್ಮ ಕೆಲಸದ ಬಗೆ ನಿನಗೆ ಗೊತ್ತಿಲ್ಲ, ನಾನೂ ಯಾವತ್ತೂ ಕೂತು ಹೇಳಿದವಳಲ್ಲ. ನಾಟಕದ ಕಾಲದಲ್ಲಿ ತಿಂಗಳುಗಟ್ಟಲೆ ತಾಲೀಮು ಇರುತ್ತಿತ್ತು. ಮಾತು ಹೊಟ್ಟೆಗಿಳಿದು, ಅಲ್ಲಿ ನಾಲ್ಕು ದಿನ ಇದ್ದು, ಆಮೇಲೆ ಬಾಯಿಗೆ ಬರುತ್ತಿತ್ತು. ಮರೆತರೆ ಎದುರು ನಿಂತವರ ಹುಬ್ಬೇ ಮಾತು ಎತ್ತಿಕೊಡುತ್ತಿತ್ತು. ಇಲ್ಲಿ ಮಾತಿನ ಹಾಳೆ ಕೈಗೆ ಬರುವಾಗ ಮೆಷಿನ್ನಿನ ಬಿಸಿಯೂ ಆರಿರುವುದಿಲ್ಲ. ನಾನು ಅಕ್ಷರಕ್ಕೆ ಅಕ್ಷರ ಕೂಡಿಸುವಷ್ಟರಲ್ಲಿ ಲೈಟು ಹಾಕಿ ಕೂಗುತ್ತಾರೆ. ಅದಕ್ಕೇ ಸಹಾಯಕ ನಿರ್ದೇಶಕಿ ನನಗೆ ಎರಡು ಸಲ ಓದಿ ಹೇಳುತ್ತಾಳೆ, ನಾನು ಕಿವಿಯಲ್ಲೇ ಕಲಿಯುತ್ತೇನೆ. ಕನ್ನಡಕ ಮರೆತು ಬಂದೆ ಅಂತ ಹೇಳಿ ಹೇಳಿಯೇ ಹತ್ತೊಂಬತ್ತು ವರ್ಷ ತಳ್ಳಿದ್ದೇನೆ. ಮಗಳು ಇರೋದೇ ಕನ್ನಡಕದ ಅಂಗಡೀಲಿ, ಇನ್ನೊಂದು ತರಿಸ್ಕೋಬಾರ್ದಾ ಅಂತ ಮೇಕಪ್ಪಿನವರು ರೇಗಿಸುತ್ತಾರೆ. ಮುಖವೊಂದನ್ನೇ ಹತ್ತಿರದಿಂದ ತೆಗೆಯುವಾಗ ಇನ್ನೂ ಕಷ್ಟ. ಎದುರಿನ ನಟರು ತಮ್ಮದು ಮುಗಿಸಿ ಬೇರೆ ಸೀರಿಯಲ್ಲಿಗೆ ಓಡಿರುತ್ತಾರೆ. ಲೈಟಿನ ಕಂಬಕ್ಕೆ ಒಂದು ತುಂಡು ಕೆಂಪು ಟೇಪು ಅಂಟಿಸಿ, ಇದೇ ನಿಮ್ಮ ಯಜಮಾನರು, ಮಾತಾಡಿ ಅಮ್ಮ, ಅನ್ನುತ್ತಾರೆ. ಟೇಪು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಆ ಮಟ್ಟಿಗೆ ನಿಮ್ಮಪ್ಪನಿಗೂ ಅದಕ್ಕೂ ವ್ಯತ್ಯಾಸವೇನಿಲ್ಲ ಅನ್ನು.

ಶನಿವಾರದ ಸೀನು ಏನೆಂದರೆ, ಮಗಳನ್ನು ಅವಳ ಗಂಡನ ಮನೆಗೆ ವಾಪಸ್ಸು ಕಳಿಸುವುದು ಬೇಡ ಎಂದು ತಾಯಿ ತನ್ನ ಯಜಮಾನರಿಗೆ ಹೇಳಬೇಕು. ಹೆತ್ತ ಕರುಳು, ಉರಿಯುವ ಒಡಲು ಅಂತ ಅರ್ಧ ಪುಟ ಬರೆದಿದ್ದರು. ಓದಿ ಹೇಳುವವಳಿಗೆ ಅವತ್ತೇ ಗಂಟಲು ಕಟ್ಟಿ ಧ್ವನಿ ಹೋಗಿತ್ತು. ನಾನು ಹೇಗೋ ಹೆತ್ತ ಕರುಳಿನವರೆಗೆ ಬಂದೆ, ಮುಂದೆ ಏನೂ ಇಲ್ಲ, ತೊಳೆದಿಟ್ಟ ಪಾತ್ರೆಯ ಹಾಗೆ ತಲೆ ಖಾಲಿ. ಕ್ಯಾಮೆರಾ ಓಡುತ್ತಿದೆ. ಸುಮ್ಮನೆ ನಿಲ್ಲಬಾರದು ಅಂತ ಬಾಯಿ ತೆರೆದೆ, ನಿನ್ನ ಮಾತು ಬಂತು. ನಲ್ಲಿ, ಟ್ಯಾಂಕು, ಆನೆ, ಒಂದೂ ಬಿಡಲಿಲ್ಲ. ಕಣ್ಣಿಗೆ ಗ್ಲಿಸರಿನ್ ಹಾಕಿರಲಿಲ್ಲ, ಆದರೂ ನೀರು ಗಲ್ಲದವರೆಗೆ ಬಂತು. ಮುಗಿದದ್ದೇ ತಡ, ನಿರ್ದೇಶಕರು ಓಕೆ ಅಂದುಬಿಟ್ಟರು, ನನಗೆ ಬಾಯಿ ಬಿಡಲು ಸಮಯವೇ ಸಿಗಲಿಲ್ಲ. ಟೇಪಿಗೆ ಅಷ್ಟು ಹೇಳಿದ ಇದೇ ನಾನು, ನಿನಗೆ ಸ್ವಲ್ಪ ತಾಳಿಕೋ ಎಂದು ಹೇಳಿ, ಬ್ಯಾಗು ತುಂಬಿಕೊಟ್ಟು ಬಸ್ಸು ಹತ್ತಿಸಿದ್ದೆ.

ಭಾನುವಾರ ಎಡಿಟಿಂಗ್ ಮಾಡುವವರ ಕೋಣೆಗೆ ಹೋಗಿ ಕೈಮುಗಿದೆ. ಆ ತುಂಡೊಂದನ್ನು ತೆಗೆದುಬಿಡಪ್ಪಾ ಅಂದೆ. 'ಅದನ್ನ ತೆಗೆದ್ರೆ ಎಪಿಸೋಡಲ್ಲಿ ಉಳಿಯೋದು ಜಾಹೀರಾತು ಮಾತ್ರ ಅಮ್ಮಾ' ಅಂದರು. ಹಾಗಾದರೆ ಆನೆ ಅನ್ನುವುದನ್ನಾದರೂ ಮುಚ್ಚಿ ಎಂದೆ. ಆನೆಯೇ ಜೀವಾಳವಂತೆ. ಮತ್ತೆ ಚಿತ್ರೀಕರಿಸೋಣವೆಂದರೆ ಆ ನಡುಮನೆಯ ಸೆಟ್ಟು ಬಿಚ್ಚಿ ಅಲ್ಲೀಗ ಆಸ್ಪತ್ರೆ ಕಟ್ಟಿದ್ದಾರೆ, ಬೇರೆ ಯಾರೋ ಮಂಚದ ಮೇಲೆ ಮಲಗಿ ಸಾಯುತ್ತಿದ್ದಾರೆ. ಯಾಕಮ್ಮಾ ಬೇಡ ಅಂತೀರಿ ಎಂದು ಎಲ್ಲರೂ ಕೇಳುತ್ತಾರೆ. ಕಾರಣ ಹೇಗೆ ಹೇಳಲಿ, ಹೇಳಿದರೆ ನಿನ್ನ ಗುಟ್ಟನ್ನು ಎರಡನೇ ಸಲ ಬೀದಿಗೆ ತಂದ ಹಾಗೆ. ನಿನ್ನೆ ನಿನಗೆ ಫೋನು ಮಾಡಿದರೆ ಎತ್ತಿದ್ದು ನಿನ್ನತ್ತೆ. ಮುಂದಿನ ಸಂಚಿಕೆಯ ತುಣುಕು ನೋಡಿದರಂತೆ, ಅದರಲ್ಲಿ ನನ್ನ ಮುಖ ಮಾತ್ರ ಇದೆ, ಮಾತಿಲ್ಲ. 'ಏನ್ ಅಳ್ತೀರಿ ಬೀಗಿತ್ತೀ, ನಮಗೇ ತಡೆಯಕ್ಕಾಗಲ್ಲ. ಯಾವ ಪಾಪಿ ನಿಮ್ಮ ಮಗಳನ್ನ ಅಷ್ಟು ಗೋಳಾಡಿಸಿದ್ದು? ಗುರುವಾರ ಅಕ್ಕಪಕ್ಕದವರನ್ನೂ ಕರೆದಿದ್ದೀನಿ' ಅಂದರು. ಸಂತೋಷ ಅಂದೆ. ಇನ್ನೇನು ಅನ್ನಲಿ ಹೇಳು.

ಗುರುವಾರ ಅವರನ್ನು ಎಲ್ಲಾದರೂ ಕರೆದುಕೊಂಡು ಹೋಗು. ಹಲ್ಲುನೋವು ಅಂತ ಹೇಳು, ಜೊತೆಗೆ ಬನ್ನಿ ಅನ್ನು. ಆಗದಿದ್ದರೆ ಟೀವಿಯ ವೈರು ಕಿತ್ತುಬಿಡು. ಅದರಿಂದಲೂ ಪ್ರಯೋಜನವಿಲ್ಲ, ಮಾರನೆಯ ಬೆಳಿಗ್ಗೆ ಅದನ್ನೇ ಮತ್ತೆ ಹಾಕುತ್ತಾರೆ, ಆಮೇಲೆ ಫೋನಿನಲ್ಲೂ ಸಿಗುತ್ತದೆ. ಅಕ್ಕಪಕ್ಕದವರ ಮುಂದೆ ತಮ್ಮದೇ ಮಾತು ಕೇಳಿಸಿಕೊಂಡ ಮೇಲೆ ಅವರು ನಿನ್ನ ಕಡೆ ತಿರುಗುತ್ತಾರಲ್ಲ, ಆ ಒಂದು ನೋಟವೇ ನನ್ನ ಕಣ್ಣಿಗೆ ಕಟ್ಟಿಬಿಟ್ಟಿದೆ. ಬಂದುಬಿಡು ಅನ್ನಲೇ? ಬಂದರೆ ಕೆಲಸ ಹೋಗುತ್ತದೆಯೇ? ನನಗೆ ಏನೂ ತೋಚುತ್ತಿಲ್ಲ. ಬಾ. ಮನೆಗೆ ಹೋಗದೆ ಅಂಗಡಿಯಿಂದ ನೇರವಾಗಿ ಬಾ. ಈ ಕಾಗದ ಗುರುವಾರದೊಳಗೆ ನಿನ್ನ ಕೈ ಸೇರುತ್ತದೋ ಇಲ್ಲವೋ, ಕೊರಿಯರಿನವರು ಸೇರಬಹುದು ಅನ್ನುತ್ತಾರೆ, ಸೇರುತ್ತದೆ ಅನ್ನುತ್ತಿಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಬೇಡ, ಹೇಳಬೇಡ, ಕಾಗದ ಬಂದದ್ದು ಗೊತ್ತಾಗುತ್ತದೆ. ನೂರು ವರ್ಷ ಬಾಳು ಅಂತ ಹರಸುವ ಧೈರ್ಯ ಇವತ್ತಿಲ್ಲ, ಈ ಒಂದು ವಾರ ನಿನ್ನನ್ನು ಮುಳ್ಳು ತಾಗದಂತೆ ದಾಟಿಸಲಿ ಅಂತ ಕಂಡ ದೇವರನ್ನೆಲ್ಲ ಬೇಡುತ್ತಿದ್ದೇನೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಸಮಯ ಸಿಗಲಿಲ್ಲ ಅಂತ ಬರೆದದ್ದು ಸುಳ್ಳು. ಓಕೆ ಅಂದ ಮೇಲೆ ನಿರ್ದೇಶಕರು ಹತ್ತಿರ ಬಂದು, ಹಾಳೆಯಲ್ಲಿ ಇದ್ದ ಹಾಗೇ ಇನ್ನೊಂದು ಸಲ ತೆಗೆಯೋಣವಾ ಅಮ್ಮಾ, ನಿಮಗೆ ಯಾವುದು ಬೇಕೋ ಅದನ್ನೇ ಹಾಕೋಣ, ಎಂದು ಕೇಳಿದ್ದರು. ಬೇಡ, ಇದೇ ಇರಲಿ ಅಂದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಆಗ ನಿನ್ನ ನೆನಪು ಬರಲಿಲ್ಲ ಅಂತ ಹೇಳಬಹುದಿತ್ತು. ಬಂದಿತ್ತು ಮಗಳೇ.