ಹಡಗಿನಿಂದ ಇಳಿಯಬೇಡಿ

ಡಿಯರ್‌ಬಾರ್ನ್
ಏಪ್ರಿಲ್ ೧೨, ಶನಿವಾರ

ಅಫ್ರಾಹಳ ಅಪ್ಪನಿಗೆ,

ನಿಮ್ಮ ತಕಿಯಾಳ ಸಲಾಂ. ಹೇಗಿದ್ದೀರಿ? ಮೊಣಕಾಲು ನೋವು ಹೇಗಿದೆ? ಹಡಗಿನ ಏಣಿ ಹತ್ತುವಾಗ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಇಲ್ಲ ಅದು ನಾನು ತುರುಕಿದಲ್ಲೇ ಚೀಲದ ತಳದಲ್ಲಿದೆಯೋ? ಅಲ್ಲೇ ಇರುತ್ತದೆ, ನನಗೆ ಗೊತ್ತು. ಸುಪೀರಿಯರ್ ಸರೋವರದಲ್ಲಿ ಇನ್ನೂ ಮಂಜುಗಡ್ಡೆ ತೇಲುತ್ತಿರುವುದನ್ನು ಟಿವಿಯಲ್ಲಿ ತೋರಿಸಿದರು. ಉಣ್ಣೆಯ ಟೋಪಿ ತೆಗೆಯಬೇಡಿ. ನಿಮ್ಮಮ್ಮ ಆರಾಮವಾಗಿದ್ದಾರೆ. ಬೆಳಗ್ಗೆ ಎರಡು ರೊಟ್ಟಿ ತಿಂದು, ಹಸಿವೇ ಆಗುವುದಿಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಾರೆ. ನಾನೂ ಚೆನ್ನಾಗಿದ್ದೇನೆ. ಈ ವಾರವಂತೂ ತುಂಬಾ ಚೆನ್ನಾಗಿದ್ದೇನೆ.

ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡಿ. ಒಳ್ಳೆಯ ಸುದ್ದಿಯೇ, ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮಗಳಿಗೆ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಕ್ಕಿತು. ಹೌದು, ಸಿಕ್ಕಿತು. ಇನ್ನೊಂದು ಸಲ ಓದಿಕೊಳ್ಳಿ. ಅವಳು ಮನೆಗೆ ಬಂದವಳೇ ನಿಮಗೆ ಫೋನ್ ಮಾಡಲು ಹೊರಟಿದ್ದಳು, ನಾನು ಫೋನನ್ನು ಕೈಯಿಂದ ಕಸಿದುಕೊಂಡೆ. ನೀವು ಸರೋವರದ ನಡುವೆ ಇರುವಾಗ ನಮ್ಮ ಮನೆಯ ಸುದ್ದಿ ಅರ್ಧಕ್ಕೆ ತುಂಡಾದರೆ ಏನಾಗುತ್ತದೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಮಂಗಳವಾರ ನಿಮ್ಮ ಹಡಗು ಇಲ್ಲಿ ನದಿಯ ಸೇತುವೆಯ ಕೆಳಗೆ ಹಾದುಹೋಗುವಾಗ ಅಂಚೆದೋಣಿಯವರು ಪಕ್ಕಕ್ಕೆ ಬಂದು, ಮೇಲಿನಿಂದ ಇಳಿಬಿಟ್ಟ ನಿಮ್ಮ ಬಕೆಟ್ಟಿಗೆ ಇದನ್ನು ಹಾಕುತ್ತಾರೆ. ಹಗ್ಗ ನೀವೇ ಎಳೆದುಕೊಳ್ಳಿ. ಜೊತೆಗೆ ಜೇನುರೊಟ್ಟಿಯನ್ನೂ ಇಡಬೇಕೆಂದು ನಿಮ್ಮಮ್ಮನ ಹಟ. ಜೇನು ಸೋರಿ ಇಡೀ ಹಡಗಿನ ಟಪಾಲು ಅಂಟಿಕೊಳ್ಳುತ್ತದೆ ಎಂದರೆ, ‘ಅಂಟ್ಲಿ ಬಿಡು, ಎಲ್ಲರ ಬಾಯೂ ಸಿಹಿಯಾಗ್ಲಿ’ ಅನ್ನುತ್ತಾರೆ.

ಹಿಂದೊಮ್ಮೆ ಹಾಗೆ ಸುದ್ದಿ ತುಂಡಾದ ಆ ದಿನ ನೆನಪಾದಾಗಲೆಲ್ಲ ನನಗೆ ಇಂದಿಗೂ ನಗು ಬರುತ್ತದೆ. ಕಾಲೇಜಿನಲ್ಲಿ ಅವಳ ಎರಡನೆಯ ವರ್ಷದ ಕೊನೆ. ಬೀದಿಯವರೆಲ್ಲ ಸೇರಿ ಅವಳನ್ನು ಡಾಕ್ಟರ್ ಮಾಡಿಯಾಗಿತ್ತು, ರಸಾಯನಶಾಸ್ತ್ರ ಒಂದು ಮಾತ್ರ ಒಪ್ಪಿರಲಿಲ್ಲ. ವಿಶ್ವವಿದ್ಯಾಲಯದವರು ‘ಪ್ರೊಬೇಷನ್’ ಎಂದರು. ಅಂದರೆ ಮುಂದಿನ ಸಲ ಅಂಕ ಏರದಿದ್ದರೆ ಹೊರಗೆ. ನಾನು ನಿಮಗೆ ಫೋನ್ ಮಾಡಿ ‘ಅಫ್ರಾಹಳನ್ನ ಪ್ರೊಬೇಷನ್ ಮೇಲೆ ಇಟ್ಟಿದ್ದಾರೆ’ ಎನ್ನುವಷ್ಟರಲ್ಲಿ ಲೈನು ಹೋಯಿತು. ನಮ್ಮ ಬೀದಿಯಲ್ಲಿ ಆ ಮಾತನ್ನು ಯಾರಾದರೂ ಕೇಳಿದ್ದರೆ ಅದು ಕೋರ್ಟಿನವರ ಬಾಯಿಂದ ಮಾತ್ರ. ಮೂಲೆಮನೆಯ ಹುಡುಗ ಕಾರು ಕದ್ದು ಸಿಕ್ಕಿಬಿದ್ದಾಗ ತಿಂಗಳು ತಿಂಗಳು ಅಧಿಕಾರಿಗೆ ಮುಖ ತೋರಿಸಿ ಬರುತ್ತಿದ್ದನಲ್ಲ, ಅದೇ ಪ್ರೊಬೇಷನ್. ನಿಮ್ಮಮ್ಮ ಪಕ್ಕದಲ್ಲೇ ಕೂತಿದ್ದವರು, ‘ಅಯ್ಯೋ ನನ್ ಕಂದ, ಏನ್ ಕದ್ದ್ಳು?’ ಎಂದು ಬಳೆ ಬಿಚ್ಚತೊಡಗಿದರು, ಜಾಮೀನಿಗೆ! ನೀವೋ ಅದಿರು ತುಂಬುವ ಬಂದರಿನಲ್ಲಿ ಹಡಗಿನಿಂದ ಇಳಿದೇ ಬಿಟ್ಟಿರಿ. ಬಸ್ಸಿನ ಮೇಲೆ ಬಸ್ಸು ಹಿಡಿದು ಬಂದು, ಕೈಚೀಲವನ್ನೂ ಕೆಳಗಿಡದೆ ಬಾಗಿಲಲ್ಲಿ ನಿಂತು ನೀವು ಕೇಳಿದ್ದು: ‘ಯಾವ ಠಾಣೆ? ಯಾರನ್ನ ಕಾಣ್ಬೇಕು?’ ಅವಳು ಅಡುಗೆಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಉಣ್ಣಲಾರದೆ ಕೂತಿದ್ದಳು.

ವಿಷಯ ಬಿಡಿಸಿ ಹೇಳಿದಾಗ ಮೆಟ್ಟಿಲ ಮೇಲೆ ಕುಸಿದು ಕೂತಿರಿ. ‘ಓದಿಗೂ ಪ್ರೊಬೇಷನ್ ಇರ್ತದಾ?’ ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿರಿ. ಹೀಗೆ ಇಳಿದು ಬಂದದ್ದಕ್ಕೆ ಹಡಗಿನ ಕೆಲಸ ಆ ವರ್ಷದ ಮಟ್ಟಿಗೆ ಬೇರೊಬ್ಬನ ಪಾಲಾಗಿತ್ತು. ನೀವು ಅದನ್ನು ಎತ್ತಿ ಆಡಲೂ ಇಲ್ಲ. ‘ಮಾರ್ಕ್ಸ್ ಅಷ್ಟೇನಾ? ಉಣ್ಣು ಮಗಳೇ, ಆರಿಹೋಗ್ತದೆ’ ಅಂದಿರಿ. ಬೈಗುಳಕ್ಕೆ ಬೆನ್ನು ಗಟ್ಟಿಮಾಡಿಕೊಂಡಿದ್ದ ಹುಡುಗಿ ಆ ಒಂದು ಮಾತಿಗೆ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ರಸಾಯನಶಾಸ್ತ್ರ ಬಿಟ್ಟು, ಸರಕು ಸಾಗಣೆಯ ವಿಷಯ ಹಿಡಿದು, ಕೊನೆಯ ಎರಡು ವರ್ಷ ಹೇಗೆ ಓದಿದಳು ಎಂಬುದನ್ನು ನೀವೇ ನೋಡಿದ್ದೀರಿ.

ಆದರೆ ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕುವ ಹೊತ್ತಿಗೆ ಆ ಮೊದಲ ಎರಡು ವರ್ಷ ಮತ್ತೆ ಎದ್ದು ಬಂದವು. ಆ ಅಂಕಗಳನ್ನು ಅಳಿಸಲು ಬರುವುದಿಲ್ಲವಂತೆ. ನಾಲ್ಕೂ ವರ್ಷದ್ದನ್ನು ಸೇರಿಸಿಯೇ ಸರಾಸರಿ ತೆಗೆಯುತ್ತಾರಂತೆ. ಅದನ್ನು ಕೇಳಿ ನಿಮ್ಮಮ್ಮ, ‘ಸಾರಿಗೆ ಉಪ್ಪು ಜಾಸ್ತಿಯಾದ್ರೆ ತೆಗೆಯೋಕಾಗ್ತದಾ? ದೊಡ್ಡ ಪಾತ್ರೆಗೆ ಸುರಿದು ಇನ್ನಷ್ಟು ಬೇಳೆ ಹಾಕ್ಬೇಕು’ ಅಂದರು. ಮೊಮ್ಮಗಳು ಹಾಗೆಯೇ ಮಾಡಿದಳು. ಹಗಲೆಲ್ಲ ಗೋದಾಮಿನಲ್ಲಿ ಲಾರಿಗಳ ಹೊತ್ತು ಹೊಂದಿಸುವ ಕೆಲಸ, ಸಂಜೆ ಕಮ್ಯೂನಿಟಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ, ಲೆಕ್ಕಶಾಸ್ತ್ರ, ಕ್ಯಾಲ್ಕ್ಯುಲಸ್. ಎಲ್ಲದರಲ್ಲೂ ‘ಎ’ ಗ್ರೇಡು ತಂದಳು. ಲೆಕ್ಕ ತನಗೂ ಬರುತ್ತದೆ ಎಂದು ಆ ಶಾಲೆಯವರಿಗೆ ತೋರಿಸಬೇಕಿತ್ತಲ್ಲ. ಪ್ರವೇಶ ಪರೀಕ್ಷೆಯನ್ನೂ ಎರಡು ಸಲ ಬರೆದಳು, ಎರಡನೆಯದು ಚೆನ್ನಾಗಿ ಬಂತು.

ಅರ್ಜಿಯ ಜೊತೆಗೆ, ಬೇಕಿದ್ದರೆ ಹಳೆಯ ಅಂಕಗಳ ಬಗ್ಗೆ ಒಂದು ಪುಟ ಬರೆಯಬಹುದಂತೆ. ಅವಳು ಮೊದಲು ಬರೆದದ್ದನ್ನು ನೀವು ಓದಬೇಕಿತ್ತು! ರಸಾಯನಶಾಸ್ತ್ರದ ಮೇಷ್ಟ್ರದು ತಪ್ಪು, ರಸ್ತೆಯಲ್ಲಿ ಬಿದ್ದ ಹಿಮದ್ದು ತಪ್ಪು, ಸಾಲದ್ದಕ್ಕೆ ಅಜ್ಜಿಯನ್ನು ಆಸ್ಪತ್ರೆಗೆ ಬೇರೆ ಸೇರಿಸಿದ್ದಳು. ‘ಸಾಯಿಸ್ಲಿಲ್ವಲ್ಲ, ಅದೇ ಪುಣ್ಯ’ ಅಂದರು ಅಜ್ಜಿ. ಅವಳಿಗೇ ನಾಚಿಕೆಯಾಗಿ ಹರಿದು ಹಾಕಿ, ನಾಲ್ಕೇ ಸಾಲು ಬರೆದು ಕಳಿಸಿದಳು. ಆಮೇಲೆ ಸಂದರ್ಶನಕ್ಕೆ ಕರೆ ಬಂತು. ನಾನು ಕನ್ನಡಕ ಏರಿಸಿಕೊಂಡು ಅಡುಗೆಮನೆಯಲ್ಲಿ ಎದುರು ಕೂತು ಪ್ರಶ್ನೆ ಕೇಳಿದ್ದೇ ಕೇಳಿದ್ದು. ‘ಅಮ್ಮಾ, ಅವರು ಇಷ್ಟು ಜೋರಿರಲ್ಲ’ ಅಂದಳು. ‘ಇದ್ರೆ?’ ಅಂದೆ.

ಸಂದರ್ಶನಕ್ಕೆ ಕೂತಿದ್ದವರು ನನ್ನ ವಯಸ್ಸಿನ ಒಬ್ಬ ಹೆಂಗಸಂತೆ. ನೇರವಾಗಿ ಅದನ್ನೇ ಕೇಳಿದರು: ‘ಮೊದಲ ಎರಡು ವರ್ಷ ಏನಾಯ್ತು?’ ಉರುಹೊಡೆದದ್ದೆಲ್ಲ ಇವಳ ತಲೆಯಿಂದ ಹಾರಿಹೋಯಿತು. ‘ಅರ್ಥ ಆಗ್ಲಿಲ್ಲ, ಯಾರನ್ನೂ ಕೇಳ್ಲಿಲ್ಲ, ಕೇಳೋಕೆ ನಾಚಿಕೆ. ಕ್ಲಾಸಿಗೆ ಹೋಗೋದೇ ಬಿಟ್ಟೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ನೀವು ಹಡಗಿನಿಂದ ಇಳಿದು ಬಂದ ಕಥೆಯನ್ನೂ ಹೇಳಿಬಿಟ್ಟಳಂತೆ. ಆಕೆ ಪೆನ್ನು ಕೆಳಗಿಟ್ಟು, ‘ಆಮೇಲೆ ಅಪ್ಪ ಏನಂದ್ರು?’ ಎಂದು ಕೇಳಿದರಂತೆ. ‘ಉಣ್ಣು ಅಂದ್ರು. ಮಾರನೇ ದಿನದಿಂದ ನಾನು ಕೇಳೋಕೆ ಶುರು ಮಾಡ್ದೆ, ಅರ್ಥವಾಗದ್ದೆಲ್ಲ’ ಅಂದಳಂತೆ. ಮನೆಗೆ ಬಂದು, ಎಲ್ಲ ಕೆಡಿಸಿಕೊಂಡೆ ಎಂದು ಕಂಬಳಿ ಎಳೆದುಕೊಂಡು ಮಲಗಿದಳು. ಅಲ್ಲಿಂದ ಈಚೆಗೆ ಅವಳಿಗೂ ಊಟ ಸೇರಲಿಲ್ಲ, ನನಗೂ ಸೇರಲಿಲ್ಲ.

ಗುರುವಾರ ಮಧ್ಯಾಹ್ನ ಸಾರಿನ ಮೇಲೆ ಹಾಕಲು ಮೆಂತ್ಯದ ನೊರೆ ಕಡೆಯುತ್ತಿದ್ದೆ. ಗೋದಾಮಿನಿಂದ ಫೋನ್ ಬಂತು. ‘ಅಮ್ಮಾ, ನನ್ನ ತಗೊಂಡ್ರು’ ಅಂದಳು. ನಾನು ಅದನ್ನೇ ಜೋರಾಗಿ ತಿರುಗಿ ಹೇಳಿದೆ. ಒಳಗಿನಿಂದ ನಿಮ್ಮಮ್ಮ, ‘ಯಾರು ತಗೊಂಡ್ ಹೋದ್ರು? ಪೊಲೀಸ್ರಾ?’ ಅಂದರು. ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು, ನೊರೆಯೆಲ್ಲ ಒಲೆಯ ಮೇಲೆ ಚೆಲ್ಲಿತು. ಎಷ್ಟು ವರ್ಷದಿಂದ ಎದೆಯ ಮೇಲೆ ಇಟ್ಟುಕೊಂಡಿದ್ದ ಭಾರವೋ, ಎಲ್ಲ ಒಮ್ಮೆಗೇ ಹಗುರವಾಯಿತು. ನೀವು ಇಲ್ಲಿರಬೇಕಿತ್ತು. ಅದೊಂದೇ ಕೊರತೆ.

ಜೊತೆಯವರಿಗೆಲ್ಲ ನನ್ನ ಸಲಾಂ ತಿಳಿಸಿ. ನಿಮ್ಮಮ್ಮ ಈ ಕಾಗದದ ಮೇಲೆ ಕೈಯಿಟ್ಟು ದುವಾ ಓದಿದ್ದಾರೆ, ಮೂಲೆಯಲ್ಲಿರುವ ಜೇನಿನ ಕಲೆ ಅವರದೇ. ದೇವರು ನಿಮ್ಮನ್ನು ಶಾಂತವಾದ ನೀರಿನ ಮೇಲೆ ನಡೆಸಲಿ.

ನಿಮ್ಮ
ತಕಿಯಾ

ಮರೆತಿದ್ದೆ (ಮರೆತಿರಲಿಲ್ಲ, ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡಿದ್ದೆ): ಸೀಟು ಕೊಟ್ಟಿದ್ದಾರೆ, ಒಂದು ಷರತ್ತಿದೆ. ಹಳೆಯ ಅಂಕಗಳ ಕಾರಣಕ್ಕೆ ಮೊದಲ ಆರು ತಿಂಗಳು ಅವಳ ಮೇಲೆ ಕಣ್ಣಿಡುತ್ತಾರಂತೆ, ಸರಾಸರಿ ‘ಬಿ’ ಗ್ರೇಡಿಗಿಂತ ಕೆಳಗೆ ಬೀಳಬಾರದಂತೆ. ಅದಕ್ಕೆ ಅವರು ಇಟ್ಟಿರುವ ಹೆಸರೇನು ಗೊತ್ತೇ? ಪ್ರೊಬೇಷನ್! ಫೋನ್ ಕಸಿದುಕೊಂಡದ್ದು ಇದಕ್ಕೇ. ಬಂದರಿನಲ್ಲಿ ನಮ್ಮ ಬೀದಿಯವರು ಯಾರಾದರೂ ಸಿಕ್ಕಿ ಆ ಮಾತು ಆಡಿದರೆ, ಕೈಮುಗಿಯುತ್ತೇನೆ, ಹಡಗಿನಿಂದ ಇಳಿಯಬೇಡಿ. ಇದನ್ನು ಬರೆಯುವಾಗ ಅವಳು ಹಿಂದೆ ನಿಂತು ಓದುತ್ತಿದ್ದಾಳೆ. ಅವಳ ಮಾತನ್ನೂ ಬರೆದುಬಿಡುತ್ತೇನೆ: ‘ಅಪ್ಪನಿಗೆ ಹೇಳು, ಈ ಸಲ ನಾನು ಆಗ್ಲೇ ಉಂಡಿದ್ದೀನಿ ಅಂತ.’