ಮೂರು ವರ್ಷದಿಂದ ಏಳೇ ವರ್ಷದ ಹುಡುಗಿ

ಬಾಲ ಚಿತ್ರಕಲಾ ಪುರಸ್ಕಾರ ಸಮಿತಿಯ ಅಧ್ಯಕ್ಷರಿಗೆ,
ಕೋಲ್ಕತ್ತ

ಮಾನ್ಯರೇ,

ನನ್ನ ಮೊಮ್ಮಗಳು ಮೌಟುಸಿಗೆ ಈ ಫಾಲ್ಗುಣಕ್ಕೆ ಹತ್ತು ತುಂಬಿತು. ನಿಮ್ಮ ಆಹ್ವಾನಪತ್ರಿಕೆಯಲ್ಲಿ ಮಾತ್ರ ಅವಳು ಸತತ ಮೂರನೆಯ ವರ್ಷವೂ 'ಏಳು ವರ್ಷದ ಅದ್ಭುತ ಬಾಲೆ'. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂತು, ಫ್ರಾಕು ಎರಡು ಸಲ ಗಿಡ್ಡವಾಯಿತು. ಅಷ್ಟು ದೊಡ್ಡ ಸಮಿತಿಯಲ್ಲಿ ಲೆಕ್ಕ ಬಲ್ಲವರು ಒಬ್ಬರೂ ಇಲ್ಲವೇ? ಅಥವಾ ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೀರಾ? ನನಗಂತೂ ಎರಡನೆಯದೇ ಇರಬೇಕೆಂದು ಅನುಮಾನ.

ನಿಮ್ಮ ಅರ್ಜಿಯಲ್ಲೊಂದು ಮುಚ್ಚಳಿಕೆ ಇದೆ: 'ಈ ಚಿತ್ರವನ್ನು ಹಿರಿಯರು ಯಾರೂ ಮುಟ್ಟಿಲ್ಲ.' ನನ್ನ ಮಗ ನಿಮಾಯ್ ಅದಕ್ಕೆ ಸಹಿ ಹಾಕಿದ್ದಾನೆ. ಸುಳ್ಳಲ್ಲ ಸ್ವಾಮಿ, ಚಿತ್ರವನ್ನು ಅವನು ಮುಟ್ಟಿಲ್ಲ. ಅವನು ಮಾಡುತ್ತಿರುವುದನ್ನು ಕೇಳುವ ಕಾಲಂ ನಿಮ್ಮ ಅರ್ಜಿಯಲ್ಲೇ ಇಲ್ಲ.

ನಮ್ಮದು ಘೂರ್ಣಿ ಊರಿನ ಮಣ್ಣಿನ ಗೊಂಬೆ ಮಾಡುವ ಮನೆ. ಐವತ್ತು ವರ್ಷದಿಂದ ಗೊಂಬೆಗಳಿಗೆ ಬೆರಳು ಕೂರಿಸುತ್ತಾ ಬಂದವಳು ನಾನು. ಉಗುರು, ಗೆಣ್ಣು, ನರ ಕಾಣದಿದ್ದರೆ ನಮ್ಮ ಗಿರಾಕಿ ತಿರುಗಿಯೂ ನೋಡುವುದಿಲ್ಲ. ಹುಡುಗಿ ನನ್ನ ಪಕ್ಕದಲ್ಲೇ ಕೂತು ಬೆಳೆದಳು. ಕಳೆದ ಚಳಿಗಾಲ, ಮಣ್ಣು ಮಿದಿಯುವ ನನ್ನ ಕೈಯನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದಳು. ಹೆಬ್ಬೆರಳಿನ ಸೊಟ್ಟ ಉಗುರನ್ನೂ ಬಿಟ್ಟಿರಲಿಲ್ಲ! ಅಯ್ಯೋ ನನ್ನ ಕಂದಾ ಎಂದು ತಬ್ಬಿಕೊಂಡೆ. ಅಷ್ಟರಲ್ಲಿ ನಿಮಾಯ್ ಬಂದ.

"ಮಾ, ನೀನೇ ತಾನೇ ಇದನ್ನ ಹೇಳಿಕೊಟ್ಟಿದ್ದು? ಬೆರಳು ಬೇಡ, ಬೇಡ ಅಂತ ಬಡ್ಕೊಂಡೆ. ಮೂರು ಗೀಟು ಎಳೆದ್ರೆ ಸಾಕು. ಕೋಲ್ಕತ್ತದವರಿಗೆ ಮಗು ಬಿಡಿಸಿದ ಹಾಗಿರಬೇಕು!"

"ಆದ್ರೆ ಬಾಬಾ, ಠಾಕುಮಾಗೆ ಐದು ಬೆರಳಿದೆಯಲ್ಲ?" ಎಂದಳು ಹುಡುಗಿ.

"ನಿನ್ನ ಅಜ್ಜಿಗೆ ಬಾಯೂ ಇದೆ, ಅದನ್ನ ಮುಚ್ಚಿಸೋಕೆ ನನ್ನ ಕೈಲಿ ಆಗಲ್ಲ. ನೀನು ಮಾತ್ರ ಹಳೇ ಥರಾನೇ ಬಿಡಿಸು."

ಹಳೇ ಥರ ಬರಬೇಕಲ್ಲ? ಕಲಿತ ಕೈ ಮರೆಯುವುದುಂಟೇ? ಪಾಪ, ಕೂಸು ತಾನೇ ಒಂದು ಉಪಾಯ ಹುಡುಕಿಕೊಂಡಿತು. ಬಲಗೈಯನ್ನು ತೊಡೆಯಡಿ ಒತ್ತಿಟ್ಟುಕೊಂಡು ಎಡಗೈಯಲ್ಲಿ ಕುಂಚ ಹಿಡಿಯಿತು. "ಹೀಗೆ ಮಾಡಿದ್ರೆ ಚೆನ್ನಾಗಿ ಕೆಟ್ಟದಾಗಿ ಬರುತ್ತೆ, ಠಾಕುಮಾ" ಎಂದು ನನ್ನ ಕಿವಿಯಲ್ಲಿ ಹೇಳಿತು. ಆ ಚಿತ್ರಕ್ಕೇ ನೀವು 'ಕಲಿಕೆಯ ಸೋಂಕಿಲ್ಲದ ಮುಗ್ಧ ರೇಖೆ' ಎಂದು ಷರಾ ಬರೆದು ಚಿನ್ನದ ಪದಕ ಘೋಷಿಸಿದಿರಿ. ಮಗನಿಗೆ ಬೈದು ಬೈದು ನನ್ನ ನಾಲಿಗೆ ಸವೆಯಿತು. ಆದರೆ ಅಂಗಡಿಯವನು ಇಡುವುದು ಗಿರಾಕಿ ಕೇಳಿದ್ದನ್ನೇ ಅಲ್ಲವೇ? ಇಲ್ಲಿ ಗಿರಾಕಿ ತಾವು.

ಪದಕ ಕೊಡುವ ಮೊದಲು ಒಂದು ಕೆಲಸ ಮಾಡಿ. ಅವಳಪ್ಪನನ್ನೂ ಕ್ಯಾಮೆರಾದವರನ್ನೂ ಹೊರಗೆ ಕೂರಿಸಿ, ಅವಳ ಬಲಗೈಗೆ ಕುಂಚ ಕೊಡಿ. ಬಂದದ್ದು ನಿಮಗೆ ಹಿಡಿಸದಿದ್ದರೆ ಬೇಡವೆಂದು ಬರೆದುಕೊಡಿ. ಹತ್ತು ವರ್ಷದ ನಮ್ಮ ಹುಡುಗಿಯನ್ನು ನಾವು ಮನೆಗೆ ಕರೆದುಕೊಂಡು ಹೋಗುತ್ತೇವೆ. ತಡಮಾಡಬೇಡಿ. ಮೊನ್ನೆ ಅವಳ ಮುಂದೆ ಮಣ್ಣಿಟ್ಟು, ಗೊಂಬೆಗೊಂದು ಬೆರಳು ಮಾಡಿಕೊಡು ಎಂದೆ. ತನ್ನ ಎರಡೂ ಕೈಗಳನ್ನು ನೋಡಿಕೊಂಡು, "ಯಾವ ಕೈಯಲ್ಲಿ ಮಾಡ್ಲಿ?" ಎಂದು ಕೇಳಿದಳು.

ಇಂತಿ,
ಮೊದಲ ಸಲ ಪೇಪರಿನಲ್ಲಿ ಅವಳ ಫೋಟೋ ಬಂದಾಗ ಓಣಿಗೆಲ್ಲ ಸಂದೇಶ್ ಮಿಠಾಯಿ ಹಂಚಿ ಮೆರೆದಿದ್ದ ಅಜ್ಜಿ,
ಸುಭಾಷಿಣಿ ಪಾಲ್